ಬಹುಮಾನವಿಲ್ಲದ ಪಿರಿಯಡ್: ಶಾಲೆಯಲ್ಲಿ ಸೃಜನಶೀಲ ಗುಂಪು ಕಟ್ಟುವ ಬಗೆ

ಬೆಂಗಳೂರಿನ ಶಾಲೆಗಳಲ್ಲಿ ಚಿತ್ರ, ಹಾಡು, ನಾಟಕಗಳಿಗೆ ಕೊರತೆಯಿಲ್ಲ. ಪ್ರತಿಭಾ ಕಾರಂಜಿಗೆ ತಯಾರಿ ನಡೆಯುತ್ತದೆ, ವಾರ್ಷಿಕೋತ್ಸವಕ್ಕೆ ವಾರಗಟ್ಟಲೆ ನೃತ್ಯದ ಅಭ್ಯಾಸ ಸಾಗುತ್ತದೆ, ಸ್ವಾತಂತ್ರ್ಯ ದಿನಕ್ಕೆ ಸಮೂಹಗಾನ ಸಿದ್ಧವಾಗುತ್ತದೆ. ಇವೆಲ್ಲ ಇರಬೇಕಾದವೇ. ಆದರೆ ಇವುಗಳಲ್ಲಿ ಯಾರಾದರೂ ಕೆಲವರು ಆಯ್ಕೆಯಾಗುತ್ತಾರೆ, ಮಿಕ್ಕವರು ನೋಡುತ್ತ ಕುಳಿತಿರುತ್ತಾರೆ. ಮನಸ್ಸು ಕುಗ್ಗಿರುವ ಹುಡುಗನೋ ಹುಡುಗಿಯೋ ಸಾಮಾನ್ಯವಾಗಿ ಆ ಮಿಕ್ಕವರ ಸಾಲಿನ ಹಿಂದಿನ ಬೆಂಚಿನಲ್ಲಿರುತ್ತಾರೆ. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತ, ಜೊತೆಗೆ ಎಂಟು ವರ್ಷಗಳಿಂದ ಇಂಥ ಮಕ್ಕಳಿಗಾಗಿ ಗುಂಪು ನಡೆಸುತ್ತ ಬಂದಿರುವ ನಾನು ಇಲ್ಲಿ ವಿವರಿಸುವುದು ಬೇರೆಯೇ ಬಗೆಯ ಕೂಟವನ್ನು. ವಾರಕ್ಕೊಮ್ಮೆ ಒಂದೇ ಕೊಠಡಿಯಲ್ಲಿ, ಒಂದೇ ಹೊತ್ತಿಗೆ, ಹತ್ತು-ಹನ್ನೆರಡು ಮಕ್ಕಳು ಇಬ್ಬರು ದೊಡ್ಡವರೊಂದಿಗೆ ಕುಳಿತು ಕೈಯಿಂದ ಏನಾದರೂ ಮಾಡುತ್ತಾರೆ. ಅದರ ಕೊನೆಗೆ ವೇದಿಕೆಯಾಗಲಿ ಬಹುಮಾನವಾಗಲಿ ಅಂಕವಾಗಲಿ ಇರುವುದಿಲ್ಲ.

ಇದರ ಅಗತ್ಯ ಎಷ್ಟೆಂಬುದಕ್ಕೆ ನಮ್ಮ ಊರಿನ ನಿಮ್ಹಾನ್ಸ್ ಸಂಸ್ಥೆಯೇ ಲೆಕ್ಕ ಕೊಟ್ಟಿದೆ. 2015-16ರಲ್ಲಿ ಆ ಸಂಸ್ಥೆ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರ ಪೈಕಿ ಶೇ. 7.3ರಷ್ಟು ಮಂದಿಯಲ್ಲಿ ಮಾನಸಿಕ ಅಸ್ವಸ್ಥತೆ ಕಂಡುಬಂದಿತ್ತು. ನಲವತ್ತು ಮಕ್ಕಳ ಒಂದು ತರಗತಿಗೆ ಇದನ್ನು ಅನ್ವಯಿಸಿದರೆ ಸುಮಾರು ಮೂವರಾಗುತ್ತಾರೆ. ಕಾಯಿಲೆಯ ಹೆಸರು ಬರುವಷ್ಟು ತೊಂದರೆಯಿಲ್ಲದಿದ್ದರೂ ಒಳಗೊಳಗೇ ಬೇಯುತ್ತಿರುವವರು ಈ ಲೆಕ್ಕಕ್ಕೆ ಸೇರುವುದಿಲ್ಲ. ಇನ್ನೊಂದು ಕಡೆ, ಕಲೆಗೂ ಆರೋಗ್ಯಕ್ಕೂ ಇರುವ ಸಂಬಂಧದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ವರದಿ ಪ್ರಕಟಿಸಿತು. ಹಾಡುವುದು, ಬರೆಯುವುದು, ಚಿತ್ರಿಸುವುದು ಕಾಯಿಲೆಯನ್ನು ತಡೆಯುವುದರಲ್ಲೂ ಚೇತರಿಕೆಯಲ್ಲೂ ನೆರವಾಗಬಲ್ಲವು ಎಂದು ಅದು ಹೇಳಿತು. ನೆರವು ಎಂಬ ಪದವನ್ನು ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಗುಂಪು ಚಿಕಿತ್ಸೆಯಲ್ಲ, ಅದು ಚಿಕಿತ್ಸೆ ಎಂದು ನಡೆಸುವವರು ಭಾವಿಸಿದ ಕ್ಷಣದಿಂದಲೇ ಅಪಾಯ ಶುರುವಾಗುತ್ತದೆ.

ಮೊದಲ ಹೆಜ್ಜೆ: ಶಾಲೆಯನ್ನು ಒಪ್ಪಿಸುವುದು

ಮುಖ್ಯೋಪಾಧ್ಯಾಯರ ಬಳಿ ಹೋಗುವಾಗ ಮೂರು ವಿಷಯಗಳನ್ನು ಬರಹದಲ್ಲಿ ಒಯ್ಯಿರಿ: ಯಾವ ದಿನ, ಯಾವ ಕೊಠಡಿ, ಮಗುವಿಗೆ ತುರ್ತು ತೊಂದರೆ ಕಂಡರೆ ಯಾರು ಏನು ಮಾಡುತ್ತಾರೆ. ಮೂರನೆಯದು ಇಲ್ಲದಿದ್ದರೆ ಗುಂಪು ಆರಂಭಿಸಬೇಡಿ. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿಯಂತೆ ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು; ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಇಟ್ಟುಕೊಳ್ಳಬೇಕು. ನಿಮ್ಮ ಶಾಲೆಯಲ್ಲಿ ಅಂಥವರಿದ್ದರೆ ಮೊದಲ ದಿನದಿಂದಲೇ ಅವರನ್ನು ಜೊತೆಗೆ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಹತ್ತಿರದ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುವ ಮನೋವೈದ್ಯರು ಯಾರು, ಯಾವ ದಿನ ಸಿಗುತ್ತಾರೆ ಎಂಬುದನ್ನು ನೀವೇ ಹೋಗಿ ವಿಚಾರಿಸಿಕೊಂಡು ಬನ್ನಿ.

ದಿನಗಳ ವಿಷಯದಲ್ಲಿ ಶಾಲಾ ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡು ಯೋಚಿಸಬೇಕು. ಜೂನ್ ತಿಂಗಳು ದಾಖಲಾತಿ, ಪುಸ್ತಕ, ಸಮವಸ್ತ್ರಗಳಲ್ಲಿ ಕಳೆಯುತ್ತದೆ. ಜುಲೈ ಮೊದಲ ವಾರದಲ್ಲಿ ಆರಂಭಿಸಿದರೆ ದಸರಾ ರಜೆಗೆ ಮುನ್ನ ಹತ್ತು ವಾರ ಸಿಗುತ್ತವೆ. ರಜೆಯ ನಂತರ ನವೆಂಬರ್‌ನಿಂದ ಜನವರಿಯವರೆಗೆ ಇನ್ನೊಂದು ಸುತ್ತು ನಡೆಸಬಹುದು. ಶಾಲೆ ಬಿಟ್ಟ ಮೇಲೆ ನಡೆಸುವ ಯೋಚನೆ ನಮ್ಮ ಊರಿನಲ್ಲಿ ಫಲಿಸುವುದಿಲ್ಲ. ಅಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಿಂದ ಬರುವಷ್ಟರಲ್ಲಿ ತಮ್ಮನನ್ನು ಅಂಗನವಾಡಿಯಿಂದ ಕರೆತರಬೇಕಾದ ಹುಡುಗಿ, ಎರಡು ಬಸ್ ಬದಲಿಸಿ ಮನೆ ಸೇರಬೇಕಾದ ಹುಡುಗ ಉಳಿಯಲಾರರು. ಅತಿ ಅಗತ್ಯವಿರುವವರೇ ತಪ್ಪಿಹೋಗುತ್ತಾರೆ. ಶನಿವಾರದ ಕೊನೆಯ ಪಿರಿಯಡ್ ಸಾಮಾನ್ಯವಾಗಿ ಹೊಂದುತ್ತದೆ. ಆಟದ ಪಿರಿಯಡ್ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಮೈದಾನದಲ್ಲಿ ಓಡುವುದೂ ಅದೇ ಮಕ್ಕಳ ಮನಸ್ಸಿಗೆ ಬೇಕಾದದ್ದು, ಅದನ್ನು ಕಿತ್ತು ಇದನ್ನು ಕೊಡುವುದರಲ್ಲಿ ಅರ್ಥವಿಲ್ಲ.

ಎರಡನೆಯ ಹೆಜ್ಜೆ: ಯಾರನ್ನು ಕರೆಯಬೇಕು

"ಸಮಸ್ಯೆ ಇರುವ ಮಕ್ಕಳ ಪಟ್ಟಿ ಕೊಡಿ" ಎಂದು ಸಹೋದ್ಯೋಗಿಗಳನ್ನು ಕೇಳಿದರೆ ಜೋರು ಮಾಡುವ, ಹೋಂವರ್ಕ್ ಮಾಡದ ಹುಡುಗರ ಹೆಸರುಗಳು ಬರುತ್ತವೆ. ಬದಲಿಗೆ, "ಈ ತಿಂಗಳಲ್ಲಿ ಯಾರ ದನಿಯನ್ನು ನೀವು ಕೇಳಿಯೇ ಇಲ್ಲ?" ಎಂದು ಕೇಳಿ ನೋಡಿ. ಆ ಪ್ರಶ್ನೆಗೆ ಬರುವ ಉತ್ತರ ಬೇರೆಯೇ ಆಗಿರುತ್ತದೆ. ಎಂಟು ಮತ್ತು ಒಂಬತ್ತನೇ ತರಗತಿಗಳಲ್ಲಿ ಎಲ್ಲರಿಗೂ ತೆರೆದ ಆಹ್ವಾನ ನೀಡಿ. ಮೌನವಾಗಿರುವ ಮೂರು-ನಾಲ್ಕು ಮಕ್ಕಳನ್ನು ಮಾತ್ರ ಪ್ರತ್ಯೇಕವಾಗಿ, ಬೇರೆಯವರ ಎದುರಿನಲ್ಲಲ್ಲದೆ, "ನೀನೂ ಬಾರಮ್ಮ, ಎರಡು ವಾರ ನೋಡು, ಇಷ್ಟವಾಗದಿದ್ದರೆ ಬಿಡು" ಎಂದು ಕರೆಯಿರಿ. ಹೀಗೆ ಮಾಡಿದರೆ ಗುಂಪಿನಲ್ಲಿ ಎಲ್ಲ ಬಗೆಯವರೂ ಇರುತ್ತಾರೆ, ಆ ಕೊಠಡಿಗೆ ಹೋಗುವವರೆಲ್ಲ ಹೀಗೆಯೇ ಎಂಬ ಹಣೆಪಟ್ಟಿ ಅಂಟುವುದಿಲ್ಲ. ಹನ್ನೆರಡಕ್ಕಿಂತ ಹೆಚ್ಚು ಮಂದಿ ಬೇಡ. ನಡೆಸುವವರು ಇಬ್ಬರಿರಬೇಕು, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಯಾವ ಹೊತ್ತಿನಲ್ಲೂ ಬಾಗಿಲು ಪೂರ್ತಿ ಮುಚ್ಚಿರಬಾರದು.

ಮೂರನೆಯ ಹೆಜ್ಜೆ: ಮನೆಗೆ ಹೋಗುವ ಪತ್ರ

ಪೋಷಕರಿಗೆ ವಿಷಯವನ್ನು ಮರೆಮಾಚಿ ಬರೆಯುವುದು ಬೇಡ. "ಡ್ರಾಯಿಂಗ್ ಕ್ಲಾಸ್" ಎಂದು ಹೇಳಿ ಕರೆಸಿಕೊಂಡು ಆಮೇಲೆ ಮನಸ್ಸಿನ ಮಾತು ಬಂದಾಗ ನಂಬಿಕೆ ಮುರಿಯುತ್ತದೆ. ಹೀಗೆ ಬರೆಯಬಹುದು: "ನಮ್ಮ ಶಾಲೆಯಲ್ಲಿ ಶನಿವಾರದ ಕೊನೆಯ ಅವಧಿಯಲ್ಲಿ ಮಕ್ಕಳು ಚಿತ್ರ, ಮಣ್ಣು, ಗೊಂಬೆ, ಬರವಣಿಗೆಗಳ ಮೂಲಕ ತಮ್ಮ ಮನಸ್ಸಿನ ಮಾತನ್ನು ಹೊರಹಾಕಲು ಒಂದು ಗುಂಪು ನಡೆಯುತ್ತದೆ. ಇದು ಕಾಯಿಲೆಯ ಚಿಕಿತ್ಸೆಯಲ್ಲ, ಪರೀಕ್ಷೆಯೂ ಅಲ್ಲ. ನಿಮ್ಮ ಮಗು ಭಾಗವಹಿಸಲು ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳುಹಿಸಿ. ಸಂದೇಹವಿದ್ದರೆ ಶುಕ್ರವಾರ ಸಂಜೆ ಬಂದು ನಮ್ಮೊಡನೆ ಮಾತನಾಡಿ." ಶಾಲೆಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಮಾತನಾಡುವ ಮನೆಗಳಿದ್ದರೆ, ಯಾದಗಿರಿ-ರಾಯಚೂರಿನ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ವಾಸಿಸುವ, ಓದಲು ಬಾರದ ತಂದೆತಾಯಿಗಳಿದ್ದರೆ, ಪತ್ರದ ಬದಲು ಬಾಯಿಮಾತಿನಲ್ಲಿ ಹೇಳುವ ವ್ಯವಸ್ಥೆಯಾಗಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಒಮ್ಮೆ ವಿವರಿಸಿದರೆ ಅರ್ಧ ಕೆಲಸ ಅಲ್ಲಿಯೇ ಆಗುತ್ತದೆ. ಪೋಷಕರು ಒಪ್ಪಿದರೂ ಮಗುವಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಸಲ್ಲದು.

ನಾಲ್ಕನೆಯ ಹೆಜ್ಜೆ: ಸಾಮಾನು

ದುಬಾರಿ ಸಾಮಗ್ರಿಯಿಂದ ಮಕ್ಕಳು ಹೆದರುತ್ತಾರೆ, ಹಾಳಾದರೆ ಎಂಬ ಭಯದಿಂದ ಮುಟ್ಟುವುದೇ ಇಲ್ಲ. ಹಳೆಯ ದಿನಪತ್ರಿಕೆ, ಮೈದಾ ಅಂಟು, ಕ್ರೇಯಾನ್, ಅವೆನ್ಯೂ ರಸ್ತೆಯ ಅಂಗಡಿಗಳಲ್ಲಿ ಸಿಗುವ ಸಾದಾ ಕಾಗದ, ಒಂಟಿ ಕಾಲುಚೀಲಗಳು, ದಾರ, ಹಳೆಯ ಬಟ್ಟೆಯ ಚೂರುಗಳು ಸಾಕು. ಜೇಡಿಮಣ್ಣನ್ನು ಕಂಟೋನ್ಮೆಂಟ್ ಬಳಿಯ ಪಾಟರಿ ಟೌನ್‌ನ ಕುಂಬಾರರ ಬಳಿ ವಿಚಾರಿಸಬಹುದು; ಗಣೇಶನ ಹಬ್ಬದ ಮುಂಚಿನ ವಾರಗಳಲ್ಲಿ ಅವರಿಗೆ ಬಿಡುವಿರುವುದಿಲ್ಲ, ಆದ್ದರಿಂದ ಮೊದಲೇ ತಂದು ಒದ್ದೆ ಗೋಣಿಚೀಲದಲ್ಲಿ ಸುತ್ತಿಡಿ. ನೆಲಕ್ಕೆ ಜಮಖಾನ ಹಾಸಿ. ಪ್ರತಿ ಮಗುವಿಗೂ ಹೆಸರಿಲ್ಲದ, ತಾನೇ ಗುರುತು ಹಾಕಿಕೊಂಡ ಒಂದು ರಟ್ಟಿನ ಫೈಲ್ ಇರಲಿ, ಅವೆಲ್ಲವೂ ಬೀಗ ಹಾಕುವ ಬೀರುವಿನಲ್ಲಿರಲಿ.

ಐದನೆಯ ಹೆಜ್ಜೆ: ಮೊದಲ ದಿನದ ಮಾತು

ಮೊದಲ ದಿನ ಹೇಳಬೇಕಾದ ಮಾತುಗಳು ಕಡಿಮೆ, ಆದರೆ ಅವನ್ನು ತಪ್ಪದೆ ಹೇಳಬೇಕು. ಇಲ್ಲಿ ಚೆನ್ನಾಗಿ ಮಾಡುವುದು, ಕೆಟ್ಟದಾಗಿ ಮಾಡುವುದು ಎಂಬುದಿಲ್ಲ. ತೋರಿಸಲು ಇಷ್ಟವಿಲ್ಲದಿದ್ದರೆ "ಪಾಸ್" ಎಂದರೆ ಸಾಕು, ಕಾರಣ ಕೇಳುವುದಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೊರಗೆ ಆಡಬಾರದು. ಗುಟ್ಟಿನ ವಿಷಯದಲ್ಲಿ ಮಾತ್ರ ದೊಡ್ಡವರು ಪೂರ್ತಿ ನಿಜ ಹೇಳಬೇಕು: "ನೀವು ಹೇಳಿದ್ದು ನನ್ನಲ್ಲಿಯೇ ಇರುತ್ತದೆ. ಆದರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದೆ ಎನ್ನಿಸಿದರೆ, ಯಾರಾದರೂ ನಿಮಗೆ ನೋವು ಮಾಡುತ್ತಿದ್ದಾರೆ ಎಂದು ಗೊತ್ತಾದರೆ, ನಾನು ನೆರವು ಕೋರಲೇಬೇಕು. ಹಾಗೆ ಮಾಡುವ ಮುಂಚೆ ನಿಮಗೆ ಹೇಳುತ್ತೇನೆ." ಯಾರಿಗೂ ಹೇಳುವುದಿಲ್ಲ ಎಂದು ಮೊದಲು ಮಾತು ಕೊಟ್ಟು ಆಮೇಲೆ ಮುರಿದವರನ್ನು ಮಗು ಮತ್ತೆ ನಂಬುವುದಿಲ್ಲ.

ನಮ್ಮ ಊರಿಗೇ ವಿಶೇಷವಾದ ಇನ್ನೊಂದು ಮಾತಿದೆ. ಇಲ್ಲಿಯ ಮಕ್ಕಳು ಒಬ್ಬರನ್ನೊಬ್ಬರು ಹಂಗಿಸುವಾಗ "ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ" ಎನ್ನುತ್ತಾರೆ, ಕೆಲವು ಸಲ ಶಿಕ್ಷಕರ ಬಾಯಲ್ಲೂ ಅದು ಬರುತ್ತದೆ. ಕಾಲು ಮುರಿದರೆ ಮೂಳೆ ಆಸ್ಪತ್ರೆಗೆ ಹೋಗುವಂತೆಯೇ ಮನಸ್ಸು ನೊಂದಾಗ ಹೋಗುವ ಜಾಗ ಅದು ಎಂಬುದನ್ನು ಮೊದಲ ವಾರದಲ್ಲಿಯೇ ಸರಳವಾಗಿ ಹೇಳಿಬಿಡಿ. ಮುಂದೊಂದು ದಿನ ಈ ಕೊಠಡಿಯಲ್ಲಿರುವ ಯಾರನ್ನಾದರೂ ಅಲ್ಲಿಗೆ ಕಳುಹಿಸಬೇಕಾಗಿ ಬರಬಹುದು.

ಆರನೆಯ ಹೆಜ್ಜೆ: ಹತ್ತು ವಾರಗಳ ಕೆಲಸ

ಪ್ರತಿ ವಾರದ ಆರಂಭ ಮತ್ತು ಮುಕ್ತಾಯ ಬದಲಾಗದಿರಲಿ. ಬಂದ ಕೂಡಲೇ ಎಲ್ಲರೂ ವೃತ್ತವಾಗಿ ಕುಳಿತು ಆ ದಿನದ ಮನಸ್ಸಿನ ಹವಾಮಾನವನ್ನು ಒಂದು ಪದದಲ್ಲಿ ಹೇಳುತ್ತಾರೆ: ಮೋಡ, ತುಂತುರು, ಬಿಸಿಲು, ಆಲಿಕಲ್ಲು. ಬಳಿಕ ಅರ್ಧ ಗಂಟೆ ಕೈಕೆಲಸ, ಹತ್ತು ನಿಮಿಷ ತೋರಿಸುವವರು ತೋರಿಸುವುದು, ಕೊನೆಗೆ ಐದು ನಿಮಿಷ ಕೈಬೆರಳಿನಿಂದ ನೆಲದ ಮೇಲೆ ಮೆಲ್ಲಗೆ ಮಳೆಯ ಸದ್ದು ಮಾಡಿ ನಿಧಾನವಾಗಿ ನಿಲ್ಲಿಸುವುದು. ಈ ಕ್ರಮ ಬೇಸರ ತರಿಸುವಷ್ಟು ಒಂದೇ ತೆರನಾಗಿದ್ದರೂ ಚಿಂತೆಯಿಲ್ಲ, ಏಕೆಂದರೆ ಮನೆಯಲ್ಲಿ ಏನು ಕಾದಿದೆ ಎಂದು ಗೊತ್ತಿಲ್ಲದ ಮಗುವಿಗೆ ಮುಂದೇನು ಎಂದು ಗೊತ್ತಿರುವ ಒಂದು ಗಂಟೆ ಬಹಳ ದೊಡ್ಡದು.

ಮೊದಲ ವಾರ ಕಾಗದ ಹರಿಯುವುದರಲ್ಲಿ ಕಳೆಯಲಿ. ಕತ್ತರಿ ಬೇಡ, ಕೈಯಿಂದಲೇ ಹರಿದು ಅಂಟಿಸುವುದು. ಚಿತ್ರ ಬರುವುದಿಲ್ಲ ಎನ್ನುವವರೂ ಹರಿಯಬಲ್ಲರು. ಒಂಬತ್ತನೇ ತರಗತಿಯ ಒಬ್ಬ ಹುಡುಗ ಮೂರು ವಾರ ಹರಿಯುವುದನ್ನು ಬಿಟ್ಟು ಬೇರೇನೂ ಮಾಡಲಿಲ್ಲ. ಪತ್ರಿಕೆಯ ಹಾಳೆಯನ್ನು ಬೆರಳಗಲದ ಪಟ್ಟಿಗಳನ್ನಾಗಿ ಸೀಳಿ, ಅಂಚು ಸೇರಿಸಿ ಒಂದರ ಮೇಲೊಂದು ಜೋಡಿಸಿ, ಗಂಟೆ ಬಾರಿಸಿದಾಗ ಆ ಕಟ್ಟನ್ನು ತನ್ನ ಫೈಲಿನಲ್ಲಿಟ್ಟು ಹೋಗುತ್ತಿದ್ದ. ನಾನು ಏನಾದರೂ ಹೇಳಬೇಕೆಂದು ತವಕಿಸುತ್ತಿದ್ದೆ, ನನ್ನ ಸಹೋದ್ಯೋಗಿ ಕಣ್ಸನ್ನೆಯಿಂದ ತಡೆದರು. ನಾಲ್ಕನೆಯ ವಾರ ಅವನು ಆ ಪಟ್ಟಿಗಳನ್ನೆಲ್ಲ ಹೆಣೆದು ಚಾಪೆಯೊಂದನ್ನು ಮಾಡಿದ, ಅಜ್ಜಿ ಊರಿನಲ್ಲಿ ಹೀಗೆ ಹೆಣೆಯುತ್ತಿದ್ದಳು ಎಂದ. ಅಜ್ಜಿ ತೀರಿಕೊಂಡು ಐದು ತಿಂಗಳಾಗಿತ್ತು, ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ವಾರಕ್ಕೆ ಮನೆಯಿಂದ ಶಾಲೆಯವರೆಗಿನ ದಾರಿಯ ನಕ್ಷೆ. ಇಷ್ಟವಾದ ಜಾಗಕ್ಕೆ ಒಂದು ಬಣ್ಣ, ಹೆದರಿಕೆಯ ಜಾಗಕ್ಕೆ ಇನ್ನೊಂದು. ರಾಜಕಾಲುವೆಯ ಪಕ್ಕದ ತಿರುವು, ಬಾರ್ ಮುಂದಿನ ಫುಟ್‌ಪಾತ್, ನಾಯಿಗಳ ಗುಂಪು, ಸೀನಿಯರ್ ಹುಡುಗರು ನಿಲ್ಲುವ ಮೂಲೆ ಇವೆಲ್ಲ ಅದರಲ್ಲಿ ಕಾಣಿಸಿಕೊಳ್ಳುತ್ತವೆ. ಈ ನಕ್ಷೆಗಳಿಂದ ತಿಳಿದ ಕೆಲವನ್ನು ಮಕ್ಕಳ ಹೆಸರು ಹೇಳದೆ ಶಾಲೆಯೇ ಸರಿಪಡಿಸಬಹುದು. ಮೂರು-ನಾಲ್ಕನೆಯ ವಾರ ಮಣ್ಣು, ಐದನೆಯ ವಾರ ತಾಳ. ಡೆಸ್ಕು, ಡಬ್ಬ, ತಮಟೆ ಯಾವುದಾದರೂ ಸರಿ.

ಆರು ಮತ್ತು ಏಳನೆಯ ವಾರ ಗೊಂಬೆಗಳು. ಒಂಟಿ ಕಾಲುಚೀಲಕ್ಕೆ ಗುಂಡಿಯ ಕಣ್ಣು ಹೊಲಿದು ಕೈಗೆ ಹಾಕಿಕೊಂಡ ಮಗು ತನ್ನ ಬಾಯಿಂದ ಆಡಲಾಗದ್ದನ್ನು ಗೊಂಬೆಯ ಬಾಯಿಂದ ಆಡುತ್ತದೆ. ತೊಗಲುಗೊಂಬೆ, ಸೂತ್ರದ ಗೊಂಬೆಗಳ ನಾಡಿನವರಿಗೆ ಇದು ಹೊಸತೇನಲ್ಲ. ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಪ್ರಶ್ನೆಯನ್ನು ಗೊಂಬೆಗೇ ಕೇಳಬೇಕು, ಮಗುವಿಗಲ್ಲ. "ಇವನ ಹೆಸರೇನು? ಇವನಿಗೆ ರಾತ್ರಿ ನಿದ್ದೆ ಬರುತ್ತದೆಯೇ?" ಎಂದು ಕೇಳಿದರೆ ಉತ್ತರ ಸಿಗುತ್ತದೆ. "ಇದು ನೀನೇ ಅಲ್ಲವೇ?" ಎಂದು ಕೇಳಿದರೆ ಗೊಂಬೆ ಸುಮ್ಮನಾಗುತ್ತದೆ.

ಎಂಟನೆಯ ವಾರದ ಬರವಣಿಗೆಗೆ ಎಚ್ಚರಿಕೆ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ ಹದಿನೈದು ನಿಮಿಷದಂತೆ ತಮ್ಮನ್ನು ಕಾಡಿದ ಸಂಗತಿಗಳ ಬಗ್ಗೆ ಬರೆದರು. ಮುಂದಿನ ತಿಂಗಳುಗಳಲ್ಲಿ ತಮ್ಮ ನೋವಿನ ಸಂಗತಿಯನ್ನೂ ಅದರ ಭಾವನೆಯನ್ನೂ ಬರೆದವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆಯಾಯಿತು. ಆದರೆ ಬರೆದ ಕೂಡಲೇ ಅವರ ಮನಸ್ಸು ಹಗುರಾಗಲಿಲ್ಲ, ಇನ್ನಷ್ಟು ಕಲಕಿತು. ಹದಿನಾಲ್ಕು ವರ್ಷದ ಮಗುವನ್ನು ಆ ಸ್ಥಿತಿಯಲ್ಲಿ ಬಸ್ ಹತ್ತಿಸಲಾಗದು. ಆದ್ದರಿಂದ ಶಾಲೆಯಲ್ಲಿ ಅತಿ ದೊಡ್ಡ ನೋವಿನ ಬಗ್ಗೆ ಬರೆಯಿರಿ ಎಂದು ಹೇಳುವುದು ಬೇಡ. "ನನ್ನ ಕೋಪಕ್ಕೊಂದು ಕಾಗದ", "ನನ್ನ ಹಳೆಯ ಚೀಲ ಮಾತನಾಡಿದರೆ" ಎಂಬಂಥ ವಸ್ತುಗಳು ಸಾಕು. ಬರೆದುದನ್ನು ಓದುವ ಅಗತ್ಯವಿಲ್ಲ, ಮಡಚಿ ಫೈಲಿನಲ್ಲಿಡಬಹುದು, ಬೇಕಾದರೆ ಹರಿದುಹಾಕಬಹುದು. ಬರೆದ ನಂತರ ಕೊನೆಯ ಮಳೆಯ ಸದ್ದಿಗೆ ಆ ದಿನ ಇನ್ನೂ ಐದು ನಿಮಿಷ ಹೆಚ್ಚು ಕೊಡಿ.

ಒಂಬತ್ತನೆಯ ವಾರ ಚಿಕ್ಕ ದೃಶ್ಯಗಳು. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೊಆಲ್ ರೂಪಿಸಿದ ಪದ್ಧತಿಯಲ್ಲಿ ನೋಡುವವರೇ ನಾಟಕವನ್ನು ನಿಲ್ಲಿಸಿ, ಪಾತ್ರದ ಜಾಗಕ್ಕೆ ತಾವು ಬಂದು, ಬೇರೆ ದಾರಿಯನ್ನು ಆಡಿ ತೋರಿಸುತ್ತಾರೆ. ಅಂಕಪಟ್ಟಿಯನ್ನು ಮನೆಗೆ ಒಯ್ಯುವ ದೃಶ್ಯ, ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬಳ ಫೋಟೋ ಹಂಚಿ ನಗುವ ದೃಶ್ಯ ಇದಕ್ಕೆ ಹೇಳಿ ಮಾಡಿಸಿದಂತಿವೆ. ಆ ನೋವನ್ನು ನಿಜವಾಗಿ ಅನುಭವಿಸಿದ ಮಗುವಿಗೇ ಆ ಪಾತ್ರವನ್ನು ಕೊಡಬಾರದು.

ಏಳನೆಯ ಹೆಜ್ಜೆ: ಮಕ್ಕಳ ಕೆಲಸದ ಮುಂದೆ ಹೇಗೆ ಕೂರಬೇಕು

ಕಪ್ಪು ಬಣ್ಣ ಹಚ್ಚಿದರೆ ಖಿನ್ನತೆ, ಬಾಗಿಲಿಲ್ಲದ ಮನೆ ಬರೆದರೆ ಒಂಟಿತನ ಎಂಬ ಅರ್ಥಗಾರಿಕೆಯನ್ನು ಬಿಟ್ಟುಬಿಡಿ. ಡಬ್ಬದಲ್ಲಿ ಉಳಿದಿದ್ದದ್ದು ಕಪ್ಪು ಕ್ರೇಯಾನ್ ಒಂದೇ ಇರಬಹುದು. "ಇಲ್ಲಿ ಏನು ನಡೆಯುತ್ತಿದೆ, ಹೇಳ್ತೀಯಾ?" ಎಂದು ಕೇಳಿ, ಉತ್ತರ ಬಂದಷ್ಟನ್ನು ಕೇಳಿಸಿಕೊಳ್ಳಿ. "ತುಂಬಾ ಚೆನ್ನಾಗಿದೆ" ಎಂಬ ಹೊಗಳಿಕೆಯೂ ಇಲ್ಲಿ ತೊಡಕೇ. ಮುಂದಿನ ವಾರ ಮಗು ನಿಮ್ಮನ್ನು ಮೆಚ್ಚಿಸಲು ಚಿತ್ರ ಬರೆಯಲು ಶುರುಮಾಡುತ್ತದೆ.

ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಲೇಬೇಕು. ಮೊದಲ ವರ್ಷ ಎಂಟನೇ ತರಗತಿಯ ಹುಡುಗಿಯೊಬ್ಬಳು ಎಂಟು ಸಾಲಿನ ಪದ್ಯವೊಂದನ್ನು ಬರೆದಳು. ಕನ್ನಡದ ಮೇಷ್ಟ್ರಾದ ನನಗೆ ಖುಷಿ ತಡೆಯಲಾಗಲಿಲ್ಲ. ಅವಳನ್ನು ಕೇಳದೆ ಅದನ್ನು ಅಂದವಾಗಿ ಬರೆಸಿ ಶಾಲೆಯ ಭಿತ್ತಿಪತ್ರಿಕೆಯಲ್ಲಿ ಹಾಕಿದೆ, ಪ್ರಾರ್ಥನೆಯ ವೇಳೆ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದೆ. ಮುಂದಿನ ಶನಿವಾರ ಅವಳು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಕಾರಿಡಾರಿನಲ್ಲಿ ಸಿಕ್ಕಾಗ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಎಂದು ತಲೆ ತಗ್ಗಿಸಿ ಹೋದಳು. ಆ ದಿನದಿಂದ ನಮ್ಮ ಗುಂಪಿನ ಯಾವ ಕೆಲಸವೂ ಗೋಡೆ ಏರಿಲ್ಲ, ಯಾವ ಫೋಟೋವೂ ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹೋಗಿಲ್ಲ. ಅಧಿಕಾರಿಗಳು ಭೇಟಿಗೆ ಬಂದಾಗ "ಏನಾದರೂ ತೋರಿಸಿ" ಎಂಬ ಒತ್ತಡ ಬರುತ್ತದೆ. ಆಗ ಹಾಜರಾತಿ ಪುಸ್ತಕವನ್ನು ತೋರಿಸಿ, ಒತ್ತಾಯವಿಲ್ಲದ ಪಿರಿಯಡಿಗೆ ಮಕ್ಕಳು ವಾರವಾರವೂ ಬಂದಿರುವುದು ಅದರಲ್ಲಿದೆ.

ಎಂಟನೆಯ ಹೆಜ್ಜೆ: ಗುಂಪಿನ ಕೈಮೀರಿದ ವಿಷಯಗಳು

ಎರಡು ವಾರಕ್ಕೂ ಹೆಚ್ಚು ಕಾಲ ಮಗು ಮಂಕಾಗಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಗೆಳೆಯರಿಂದ ದೂರವಾಗಿದ್ದರೆ, ಸೆಕೆಯಲ್ಲೂ ಉದ್ದ ತೋಳಿನ ಅಂಗಿಯೊಳಗೆ ಗಾಯಗಳನ್ನು ಮುಚ್ಚಿಕೊಂಡಿದ್ದರೆ, ಇಷ್ಟದ ವಸ್ತುಗಳನ್ನು ಹಂಚಿಬಿಡುತ್ತಿದ್ದರೆ, ಸಾವಿನ ಮಾತಾಡಿದ್ದರೆ ಅಥವಾ ಬರೆದಿದ್ದರೆ, ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ನೇರವಾಗಿ ಕೇಳಿ: "ಬದುಕುವುದು ಬೇಡ ಎಂದು ಅನ್ನಿಸಿದೆಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಯಾರೋ ಕೇಳಿದರಲ್ಲ ಎಂಬ ನಿರಾಳವೇ ಹೆಚ್ಚು. ಹೌದು ಎಂದರೆ ಉಪದೇಶ ಬೇಡ, ಮಗುವನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ತಿಳಿಸಿ. 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿ ಹಗಲೂ ರಾತ್ರಿ ಉಚಿತವಾಗಿ ಕನ್ನಡದಲ್ಲಿಯೂ ಸಿಗುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ರಾಷ್ಟ್ರೀಯ ಸೇವೆಗೆ ನಿಮ್ಹಾನ್ಸ್ ಸಂಸ್ಥೆಯೇ ಮುಖ್ಯ ಕೇಂದ್ರ. ಶಿಕ್ಷಕರೂ ಪೋಷಕರೂ ಅದಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು. ಪರಿಸ್ಥಿತಿ ತುರ್ತಾಗಿದ್ದರೆ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನ ತುರ್ತು ವಿಭಾಗಕ್ಕೆ ಅಥವಾ ಹತ್ತಿರದ ಆಸ್ಪತ್ರೆಗೆ ದೊಡ್ಡವರೊಬ್ಬರು ಮಗುವಿನ ಜೊತೆಯಲ್ಲಿಯೇ ಹೋಗಬೇಕು.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದು ಶಿಕ್ಷಾರ್ಹ. ಶಾಲೆಯ ಹೆಸರು ಕೆಡುತ್ತದೆ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಮಗುವನ್ನು ಪದೇ ಪದೇ ಪ್ರಶ್ನಿಸಬೇಡಿ. ಹೇಳಿದ್ದನ್ನು ಮಗುವಿನ ಪದಗಳಲ್ಲಿಯೇ ಬರೆದಿಟ್ಟುಕೊಳ್ಳಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ತೊಂದರೆ ಕೊಡುತ್ತಿರುವವರು ಮನೆಯಲ್ಲಿಯೇ ಇರಬಹುದು, ಹಾಗಿದ್ದಾಗ ಮನೆಗೆ ಮೊದಲು ತಿಳಿಸುವುದು ಮಗುವನ್ನು ಇನ್ನಷ್ಟು ಅಪಾಯಕ್ಕೆ ದೂಡುತ್ತದೆ.

ನಡೆಸುವ ಇಬ್ಬರೂ ಪ್ರತಿ ಶನಿವಾರ ಮಕ್ಕಳು ಹೋದ ಮೇಲೆ ಕಾಲು ಗಂಟೆ ಕುಳಿತು ಮಾತನಾಡಿಕೊಳ್ಳಿ. ಯಾರು ಬಂದರು, ಏನು ಗಮನಕ್ಕೆ ಬಂತು, ನಮ್ಮ ಮನಸ್ಸಿಗೆ ಏನು ತಟ್ಟಿತು ಎಂಬುದನ್ನು ನಾಲ್ಕು ಸಾಲು ಬರೆದಿಡಿ. ಮಕ್ಕಳ ನೋವನ್ನು ಕೇಳಿದ ದೊಡ್ಡವರಿಗೂ ಭಾರವಾಗುತ್ತದೆ, ಅದನ್ನು ಮನೆಗೆ ಹೊತ್ತೊಯ್ದರೆ ಎರಡನೆಯ ಸುತ್ತು ನಡೆಸುವ ಶಕ್ತಿ ಉಳಿಯುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಮುಗಿಸುವುದು

ಗುಂಪು ಯಾವ ದಿನ ಮುಗಿಯುತ್ತದೆ ಎಂಬುದನ್ನು ಮೂರು ವಾರ ಮುಂಚೆಯೇ ಹೇಳಿ, ಪ್ರತಿ ವಾರ ನೆನಪಿಸಿ. ತಂದೆಯೋ ತಾಯಿಯೋ ಹೇಳದೆ ಕೇಳದೆ ಮನೆ ಬಿಟ್ಟುಹೋದದ್ದನ್ನು ಕಂಡ ಮಕ್ಕಳು ಅಲ್ಲಿರಬಹುದು, ಅವರಿಗೆ ಇನ್ನೊಂದು ದಿಢೀರ್ ಮುಕ್ತಾಯ ಬೇಡ. ಹತ್ತನೆಯ ವಾರ ಬೀರು ತೆರೆದು ಫೈಲುಗಳನ್ನು ಜಮಖಾನದ ಮೇಲಿಡಿ. ಮನೆಗೆ ಒಯ್ಯುವುದೋ, ಶಾಲೆಯಲ್ಲಿಯೇ ಇಡುವುದೋ, ಹರಿದುಹಾಕುವುದೋ ಎಂದು ಪ್ರತಿಯೊಬ್ಬರೂ ಒಂದೊಂದು ಹಾಳೆಯ ಬಗ್ಗೆಯೂ ತಾವೇ ತೀರ್ಮಾನಿಸಲಿ. ಮನೆಯಲ್ಲಿ ಯಾರೋ ನೋಡುತ್ತಾರೆ ಎಂಬ ಅಂಜಿಕೆಯಿಂದ ಕೆಲವರು ಶಾಲೆಯಲ್ಲಿಯೇ ಇಡಲು ಕೇಳುತ್ತಾರೆ. ಅವರು ಶಾಲೆ ಬಿಡುವವರೆಗೆ ಇಡುವ ಜವಾಬ್ದಾರಿ ನಿಮ್ಮದು. ಮಣ್ಣಿನ ಗೊಂಬೆಗಳನ್ನು ಬಕೆಟ್ ನೀರಿನಲ್ಲಿ ಕರಗಿಸಿದರೆ ಮುಂದಿನ ಸುತ್ತಿಗೆ ಮಣ್ಣಾಗುತ್ತದೆ, ಆದರೆ ಕರಗಿಸುವ ಕೈ ಮಾಡಿದವರದ್ದೇ ಆಗಿರಬೇಕು.

ಮುಗಿದ ನಂತರದ ಎರಡು ಶನಿವಾರ ಅದೇ ಹೊತ್ತಿಗೆ ಅದೇ ಕೊಠಡಿಯಲ್ಲಿ ಬಾಗಿಲು ತೆರೆದು ಕುಳಿತಿರಿ. ಮೇಜಿನ ಮೇಲೆ ಸ್ವಲ್ಪ ಕಾಗದ, ಒಂದು ಡಬ್ಬ ಕ್ರೇಯಾನ್ ಇದ್ದರೆ ಸಾಕು. ಹತ್ತು ವಾರವೂ "ಪಾಸ್" ಎಂದ ಮಗು ಕೆಲವೊಮ್ಮೆ ಆಗ ಒಂಟಿಯಾಗಿ ಬರುತ್ತದೆ.